‘ಮಾರ್ಕರ್’ ಅನ್ನೋದಕ್ಕೆ ಸೂಚಕವಾ, ಗುರುತಾ, ಕುರುಹಾ?

ರಕ್ತಪರೀಕ್ಷೆಯಲ್ಲಿ ಕಂಡು ಕಾಯಿಲೆಯ ಸುಳಿವು ಕೊಡುವ ವಸ್ತುವಿಗೆ ಡಾಕ್ಟರುಗಳು ‘ಮಾರ್ಕರ್’ ಅನ್ನುತ್ತಾರಲ್ಲ, ಆ ಪದ ಮೂರು ದಿನದಿಂದ ಕಾಡುತ್ತಿದೆ, ಬಲ್ಲವರು ಹೇಳಿ.

ನಮ್ಮ ಚಿಕ್ಕಮ್ಮನಿಗೆ ಮಯೋಸೈಟಿಸ್. ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಸ್ನಾಯುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಮಣೆ ಮೇಲೆ ಕೂತರೆ ಯಾರಾದರೂ ಹಿಡಿದು ಎಬ್ಬಿಸಬೇಕು, ಜಡೆ ಹಾಕಿಕೊಳ್ಳೋಣ ಅಂದರೆ ತೋಳು ಮೇಲೇಳುವುದಿಲ್ಲ. ಬೆರಳಿನ ಪಕ್ಕದ ಚರ್ಮ ಒರಟಾಗಿ ಒಡೆದಿದೆ. ಡಾಕ್ಟರು ಅದಕ್ಕೆ ‘ಮೆಕ್ಯಾನಿಕ್ ಕೈ’ ಅಂದರು. "ನಾನು ಯಾವ ಗ್ಯಾರೇಜಿಗೆ ಹೋಗಿದ್ದೆನಪ್ಪಾ?" ಅಂತ ಇವರ ಪ್ರಶ್ನೆ.

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ‘ಜೋ-1 ಪಾಸಿಟಿವ್’ ಅಂತಿದೆ. ಜೋ-1 ಅಂದರೆ ಸ್ವಂತ ಮೈಯ ಮೇಲೇ ತಿರುಗುವ ಒಂದು ಆಂಟಿಬಾಡಿ. ಅದನ್ನು ಕನ್ನಡದಲ್ಲಿ ಬರೆದುಕೊಡು ಅಂದರು, ಕೂತೆ. ಆಂಟಿಬಾಡಿಗೆ ‘ಪ್ರತಿಕಾಯ’ ಅಂತ ಬರೆದರೆ, "ಪ್ರತಿ ಅಂದ್ರೆ ಕಾಪಿ ಅಲ್ವಾ, ನನ್ನ ಮೈಯ ಜೆರಾಕ್ಸಾ?" ಅಂದರು. ತಪ್ಪೇನಿಲ್ಲ. 1891ರಲ್ಲಿ ಪಾಲ್ ಎರ್ಲಿಚ್ ಜರ್ಮನ್‌ನಲ್ಲಿ ಬಳಸಿದ ‘ಆಂಟಿಕೋರ್ಪರ್’ ಇಂಗ್ಲಿಷಿಗೆ ಬಂದು, ಅಲ್ಲಿಂದ ಹಾಗೇ ತುಂಡು ತುಂಡಾಗಿ ನಮ್ಮಲ್ಲಿಗೆ ಇಳಿದ ಪದ ಇದು. ಇರಲಿ, ಅದು ರೂಢಿಯಾಗಿದೆ.

"ಜೋ ಯಾರು?" ಅಂತಲೂ ಕೇಳಿದರು. ತಮಾಷೆಯೆಂದರೆ ಅದು ನಿಜಕ್ಕೂ ಒಬ್ಬ ಮನುಷ್ಯನೇ! 1980ರಲ್ಲಿ ಇದನ್ನು ಮೊದಲು ವರದಿ ಮಾಡಿದವರು ರೋಗಿಯ ಹೆಸರಿನ ಮೊದಲೆರಡು ಅಕ್ಷರವನ್ನೇ ಇಟ್ಟುಬಿಟ್ಟರು.

ನಾನು ಸಿಕ್ಕಿಕೊಂಡಿದ್ದು ಮಾರ್ಕರ್ ಹತ್ತಿರ. ಎಲ್ಲ ಕಡೆ ‘ಸೂಚಕ’ ಅಂತ ಬರೆಯುತ್ತಾರೆ. ಸಿಕೆ ಅನ್ನುವ ಸ್ನಾಯುವಿನ ಕಿಣ್ವಕ್ಕಾದರೆ ಒಪ್ಪುತ್ತೇನೆ, ಅದು ಏರುತ್ತದೆ ಇಳಿಯುತ್ತದೆ, ಮೀಟರಿನ ಮುಳ್ಳಿನ ಹಾಗೆ. ಜೋ-1 ಕೆಲಸ ಬೇರೆ. ಯಾವ ಜಾತಿಯ ಮಯೋಸೈಟಿಸ್ ಅಂತ ಅದು ಹೇಳುತ್ತದೆ. ಜೋ-1 ಇದ್ದರೆ ಶ್ವಾಸಕೋಶ ನೋಡಿಸಬೇಕು. ಎಂಡಿಎ-5 ಅನ್ನುವ ಇನ್ನೊಂದು ಪ್ರತಿಕಾಯ ಇದ್ದರೆ ಸ್ನಾಯು ಹೆಚ್ಚು ಕೆಡದೆಯೂ ಶ್ವಾಸಕೋಶ ಬೇಗ ಹದಗೆಡಬಹುದು. ದೊಡ್ಡವರಲ್ಲಿ ಟಿಫ್-1 ಗಾಮಾ ಅನ್ನುವ ಮತ್ತೊಂದು ಬಂದರೆ ಎಲ್ಲಾದರೂ ಕ್ಯಾನ್ಸರ್ ಇದೆಯೇ ಅಂತ ಹುಡುಕುತ್ತಾರೆ. ಹಾಗಾಗಿ ‘ಗುರುತು’ ಅನ್ನೋಣ ಅನ್ನಿಸಿತು.

ಆದರೆ ಗುರುತು ಅಂದರೆ ಗುರುತಿನ ಚೀಟಿಯಷ್ಟು ಖಚಿತ ಅನ್ನಿಸಿಬಿಡುತ್ತದೆ. ಪರೀಕ್ಷೆ ನಡೆಯುವುದು ಹೀಗೆ: ಬೆರಳಗಲವೂ ಇಲ್ಲದ ಒಂದು ಪಟ್ಟಿ, ಅದರ ಮೇಲೆ ಸಾಲಾಗಿ ಬೇರೆ ಬೇರೆ ಪ್ರೋಟೀನು ಹಚ್ಚಿರುತ್ತಾರೆ, ರಕ್ತದಲ್ಲಿ ಯಾವುದರ ಪ್ರತಿಕಾಯ ಇದೆಯೋ ಆ ಜಾಗದಲ್ಲಿ ಗೆರೆ ಮೂಡುತ್ತದೆ. ಗೆರೆ ತೀರಾ ಮಸುಕಾಗಿದ್ದರೆ ಸುಳ್ಳೂ ಇರಬಹುದು, ರೋಗಿಯ ಕೈಕಾಲು ನೋಡದೆ ನಂಬುವ ಹಾಗಿಲ್ಲ. ಗೆರೆ ಬರಲಿಲ್ಲ ಅಂತ ಕಾಯಿಲೆ ಇಲ್ಲ ಅನ್ನುವ ಹಾಗೂ ಇಲ್ಲ, ಏಕೆಂದರೆ ಮಯೋಸೈಟಿಸ್ ಇರುವ 100 ಜನರಲ್ಲಿ ಜೋ-1 ಸಿಗುವುದು ಸುಮಾರು 20 ಜನರಲ್ಲಿ ಅಷ್ಟೇ.

ಅದಕ್ಕೇ ನನ್ನ ಒಲವು ‘ಕುರುಹು’ ಕಡೆಗೆ. ಮಣ್ಣಿನಲ್ಲಿ ಹೆಜ್ಜೆ ಕಂಡರೆ ಯಾರೋ ಹಾದುಹೋಗಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಅಂತ ಊಹೆಯೂ ಮಾಡಬಹುದು, ಆದರೂ ಹೋಗಿ ನೋಡಬೇಕು. ‘ರೋಗದ ಕುರುಹು’ ಅಂದರೆ ಆ ಅನುಮಾನ ಪದದೊಳಗೇ ಇರುತ್ತದೆ, ಅಲ್ವಾ? ಗೆಳೆಯನೊಬ್ಬ ಮಾತ್ರ ಹಳಗನ್ನಡದ ವಾಸನೆ ಬರುತ್ತದೆ ಅಂತ ನಗುತ್ತಾನೆ.

ಲ್ಯಾಬು, ಆಸ್ಪತ್ರೆಗಳಲ್ಲಿ ಇರುವವರು ರೋಗಿಗಳ ಹತ್ತಿರ ಇದನ್ನು ಏನಂತ ಹೇಳುತ್ತೀರಿ? ಚಿಕ್ಕಮ್ಮ ಸದ್ಯಕ್ಕೆ ‘ಜೋ ಗೆರೆ’ ಅನ್ನುತ್ತಿದ್ದಾರೆ.