ಸಹಾಯ ಬೇಕು: ಆಸ್ತಮಾ ಇರುವವರ ಊಟದ ದಾಖಲೆ ಪುಟ ತಿದ್ದಿಕೊಡಿ

ಎಲ್ಲರಿಗೂ ನಮಸ್ಕಾರ. ಯಾವ ಆಹಾರದಿಂದ ಉಬ್ಬಸ ಹೆಚ್ಚುತ್ತದೆ ಎಂದು ಪತ್ತೆಹಚ್ಚಲು ಎರಡು ವಾರದ ದಾಖಲೆ ಪುಟ ಮಾಡುತ್ತಿದ್ದೇವೆ. ಈಗಿರುವ ಕಾಲಂಗಳು: ಏನು ತಿಂದದ್ದು, ಎಷ್ಟು, ಎಷ್ಟು ಗಂಟೆಗೆ; ಕೆಮ್ಮು ಶುರುವಾದ ಹೊತ್ತು; ಬೆಳಿಗ್ಗೆ, ಸಂಜೆಯ ಪೀಕ್ ಫ್ಲೋ, ಅಂದರೆ ಉಸಿರನ್ನು ಎಷ್ಟು ಜೋರಾಗಿ ಊದಬಲ್ಲರು ಎಂಬ ಅಳತೆ (ಮೀಟರ್‌ಗೆ ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಬರೆಯುವುದು); ರಿಲೀವರ್ ಇನ್ಹೇಲರ್ (ಉಬ್ಬಸ ಬಂದಾಗ ತಕ್ಷಣದ ಆರಾಮಕ್ಕೆ ಎಳೆಯುವುದು) ಎಷ್ಟು ಪಫ್.

ತೊಡಕು ಹೊತ್ತಿನ ಲೆಕ್ಕದಲ್ಲಿದೆ. ಸಲ್ಫೈಟ್ (ಆಹಾರ ಕೆಡದಂತೆ ಹಾಕುವ ರಾಸಾಯನಿಕ) ಆಗದವರಿಗೆ ತಿಂದ ಕೆಲವೇ ನಿಮಿಷಗಳಲ್ಲಿ ಎದೆ ಬಿಗಿಯಬಹುದು. ಲೇಬಲ್‌ನಲ್ಲಿ ಇದು 220ರಿಂದ 228ರ ಸಂಖ್ಯೆಗಳಲ್ಲಿ ಅಡಗಿರುತ್ತದೆ. ಒಣ ಏಪ್ರಿಕಾಟ್ ಹೊಳೆಯುವ ಕಿತ್ತಳೆ ಬಣ್ಣದಲ್ಲಿದ್ದರೆ ಸಾಮಾನ್ಯವಾಗಿ ಸಲ್ಫೈಟ್ ಹಾಕಿರುತ್ತಾರೆ, ಹಾಕದಿದ್ದರೆ ಅದು ಕಂದಾಗುತ್ತದೆ. ಆದರೆ ರಾತ್ರಿ ಹೊಟ್ಟೆ ತುಂಬ ಉಂಡು ಕೂಡಲೇ ಮಲಗಿದವರಿಗೆ ಆಮ್ಲ ಮೇಲೆ ಬಂದು ಕೆಮ್ಮು ಏಳುವುದು ಎಷ್ಟೋ ಹೊತ್ತಿನ ಮೇಲೆ. ಪುಟದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮಲಗಿದ ಸಮಯಕ್ಕೂ ಒಂದು ಕಾಲಂ ಸಾಕೇ, ಅಥವಾ ಎದೆಯುರಿಯನ್ನೂ ಬೇರೆ ಕೇಳಬೇಕೇ?

ನೆಗಡಿ, ಧೂಳು, ತಪ್ಪಿದ ಡೋಸ್ ಇವನ್ನೂ ಬರೆಸದಿದ್ದರೆ ತಪ್ಪೆಲ್ಲ ಊಟದ ಮೇಲೆ ಬೀಳುತ್ತದೆ. ಹಾಲಿಗೆ ಹೀಗೇ ಆಗಿದೆ. ಅಲರ್ಜಿ ಇಲ್ಲದ ಮಕ್ಕಳಿಗೂ ಸುಮ್ಮನೆ ನಿಲ್ಲಿಸಿಬಿಡುತ್ತಾರೆ.

ಇಂಥ ದಾಖಲೆ ಬರೆಸಿ ಅನುಭವವಿರುವವರು ದಯವಿಟ್ಟು ತಿಳಿಸಿ: ಜನ ಯಾವ ಕಾಲಂ ಖಾಲಿ ಬಿಡುತ್ತಾರೆ? ದಾಖಲೆ ಬರೆಯುವಾಗ ದಿನದ ಇನ್ಹೇಲರ್ ನಿಲ್ಲಿಸಬಾರದು ಎಂಬ ಸಾಲನ್ನು ಎಲ್ಲಿ ಹಾಕಿದರೆ ಕಣ್ಣಿಗೆ ಬೀಳುತ್ತದೆ?