ಅಪ್‌ಡೇಟ್: ಕೊನೆಗೂ ನಿಕಾನ್ ಡಿ7200 ಕ್ಯಾಮೆರಾ ತಗೊಂಡೆ

ಅಪ್ಪನ ಹಳೇ 50 ಎಂಎಂ ಎಫ್/1.8ಡಿ ಲೆನ್ಸ್ ಇದೆ, ಅದಕ್ಕೆ ನಿಕಾನ್ ಡಿ5600 ಕ್ಯಾಮೆರಾ ಸರಿಯಾ, ಸೆಕೆಂಡ್ ಹ್ಯಾಂಡ್ ಡಿ7200 ಸರಿಯಾ ಅಂತ ಕೇಳಿದ್ದೆ. ಹೆಚ್ಚಿನವರು ಡಿ7200 ಅಂದಿರಿ. ಅದನ್ನೇ ತಗೊಂಡೆ. ತುಂಬಾ ಖುಷಿಯಾಗಿದೆ, ಎಲ್ಲರಿಗೂ ಥ್ಯಾಂಕ್ಸ್.

ದೊಡ್ಡ ಲಾಭ ಕ್ಯಾಮೆರಾ ಬಾಡಿಯೊಳಗಿನ ಫೋಕಸ್ ಮೋಟರ್. ಈ ಲೆನ್ಸಿಗೆ ಸ್ವಂತ ಮೋಟರ್ ಇಲ್ಲ. ಬಾಡಿಯ ಮೋಟರಿನಿಂದ ಮೌಂಟಿನಲ್ಲಿರುವ (ಲೆನ್ಸ್ ಕೂರುವ ಜಾಗ) ಪುಟ್ಟ ಸ್ಕ್ರೂ ತಿರುಗಿ ಲೆನ್ಸನ್ನು ಫೋಕಸ್ ಮಾಡುತ್ತದೆ. ಕರ್ ಕರ್ ಅಂತ ಸದ್ದು ಬರುತ್ತದೆ, ಆದರೆ ಚುರುಕು. ಡಿ5600ನಲ್ಲಿ ಈ ಮೋಟರ್ ಇಲ್ಲ, ಕೈಯಲ್ಲೇ ಫೋಕಸ್ ಮಾಡಬೇಕಿತ್ತು. ಇಂಥ ಲೆನ್ಸ್ ಇರುವವರು ಲೆನ್ಸ್ ಮೇಲಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿ. ಇಲ್ಲದಿದ್ದರೆ ‘ಎಫ್‌ಇಇ’ ಅಂತ ಎರರ್ ತೋರಿಸುತ್ತದೆ, ಕ್ಲಿಕ್ಕೇ ಆಗುವುದಿಲ್ಲ.

ಎರಡು ಡಯಲ್ ಇರುವುದು ನನಗೆ ಇನ್ನೂ ಇಷ್ಟ. ಹೆಬ್ಬೆರಳಲ್ಲಿ ಶಟರ್ ಸ್ಪೀಡ್ (ಬೆಳಕು ಬೀಳುವ ಹೊತ್ತು), ತೋರುಬೆರಳಲ್ಲಿ ಅಪರ್ಚರ್. ವ್ಯೂಫೈಂಡರ್‌ನಿಂದ ಕಣ್ಣು ತೆಗೆಯುವುದೇ ಬೇಡ. ಅದು ಹೆಚ್ಚುಕಡಿಮೆ 100% ಫ್ರೇಮ್ ತೋರಿಸುತ್ತದೆ, ಹಾಗಾಗಿ ಅಂಚಿನಲ್ಲಿರುವ ಬೇಡದ ಕೊಂಬೆ ಮೊದಲೇ ಕಣ್ಣಿಗೆ ಬೀಳುತ್ತದೆ. 51 ಫೋಕಸ್ ಪಾಯಿಂಟ್, ಸೆಕೆಂಡಿಗೆ 6 ಫೋಟೊ, ಎರಡು ಎಸ್‌ಡಿ ಕಾರ್ಡ್ ಜಾಗ ಕೂಡ ಇವೆ.

ಸ್ಕ್ರೀನ್ ತಿರುಗುವುದಿಲ್ಲ, ಟಚ್ ಇಲ್ಲ. ವಿಡಿಯೋ ಜಾಸ್ತಿ ಮಾಡುವವರು ಡಿ5600 ನೋಡಬಹುದು.