ಇ-ಇನ್‌ವಾಯ್ಸ್ ಕೈಪಿಡಿ: ಉದಾಹರಣೆಗೆ ನಿಜವಾದ ಬಿಲ್ಲನ್ನೇ ಹಾಕಬಹುದಾ?

ಕೇಳಿದವರು (ಹುಬ್ಬಳ್ಳಿ): ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಇ-ಇನ್‌ವಾಯ್ಸ್ ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸೋ ಜಿಎಸ್‌ಟಿ ಬಿಲ್. ಅದರ ಜೇಸನ್ ಸ್ಪೆಸಿಫಿಕೇಶನ್ (ಪೋರ್ಟಲ್‌ಗೆ ಕಳಿಸೋ ಫೈಲ್ ಹೇಗಿರಬೇಕು ಅನ್ನೋ ನಿಯಮ) ಬಗ್ಗೆ ಹೊಸ ಹುಡುಗರಿಗೆ ಕೈಪಿಡಿ ಬರೀಬೇಕು. ಬರೀ ಫೀಲ್ಡ್‌ಗಳ ಪಟ್ಟಿ ಕೊಟ್ಟರೆ ಯಾರೂ ಓದಲ್ಲ. ಗಿರಾಕಿಗಳ ನಿಜವಾದ ಬಿಲ್ ಹಾಕಿದರೆ ಹೇಗೆ? ಮಾಡಿ ನೋಡಿದವರು ಹೇಳಿ.

ಬ್ಯಾಡಗಿ ಬಿಲ್ಲು: ಕಣ್ಣು ಮುಚ್ಚಿ ಹಾಕ್ರೀ. 2023ರ ಆಗಸ್ಟ್‌ನಲ್ಲಿ 5 ಕೋಟಿ ವಹಿವಾಟು ದಾಟಿದವರಿಗೂ ಇದು ಕಡ್ಡಾಯ ಆಯ್ತಲ್ಲ, ಆಗ ಇಲ್ಲಿನ ಮೆಣಸಿನಕಾಯಿ ವ್ಯಾಪಾರಸ್ಥರಿಗೆ ಕೈಪಿಡಿ ಬರೆದವನು ನಾನು. ಮೊದಲಿದ್ದ ಕೈಪಿಡಿಯಲ್ಲಿ 10 ಕ್ವಿಂಟಲ್, ದರ 20,000, ಐಜಿಎಸ್‌ಟಿ (ಬೇರೆ ರಾಜ್ಯಕ್ಕೆ ಮಾರಿದಾಗಿನ ತೆರಿಗೆ) 10,000. ನೋಡೋಕೆ ಚಂದ. ಕಾಟಾದ ಮೇಲೆ ಅಂಥ ತೂಕ ಯಾವತ್ತು ಬಂದಿದೆ? ನಾನು 9.37 ಕ್ವಿಂಟಲ್, 18,450 ದರದ ಬಿಲ್ ಹಾಕಿದೆ. 1,72,876.50 ಆಗುತ್ತೆ. 5% ತೆರಿಗೆ 8,643.825. ಮೂರನೇ ದಶಾಂಶ ಅಲ್ಲೇ ಕಾಲಿಗೆ ತೊಡರುತ್ತೆ. ಅದನ್ನು 8,643.83 ಮಾಡಿದರೆ ಒಟ್ಟು 1,81,520.33. ಆ 33 ಪೈಸೆ ರೌಂಡ್ ಆಫ್ ಫೀಲ್ಡಿಗೆ ಮೈನಸ್ ಆಗಿ ಹೋಗಬೇಕು. ಇದನ್ನು ಯಾವ ಪಟ್ಟಿ ಕಲಿಸುತ್ತೆ?

ಗದಗದವ: ಕಣ್ಣು ಮುಚ್ಚಿ ಹಾಕಿದ್ದಕ್ಕೇ ನಾವು ಹಾಳಾಗಿದ್ದು. 60 ಪ್ರತಿ, ಸ್ಪೈರಲ್ ಬೈಂಡಿಂಗ್ ಸೇರಿ ಒಂದಕ್ಕೆ 140, ಒಟ್ಟು 8,400 ರೂಪಾಯಿ. ಒಳಗಿದ್ದ ಒಂದೇ ಬಿಲ್ಲಿನಲ್ಲಿ ಮಾರಿದವರೂ ಕೊಂಡವರೂ ಕರ್ನಾಟಕದವರು, ಎರಡೂ ಕಡೆ ರಾಜ್ಯದ ಕೋಡ್ 29. ಹೊಸ ಹುಡುಗ ಅದನ್ನೇ ನೋಡಿ ಕೇರಳದ ಪಾರ್ಟಿಗೂ ರಾಜ್ಯದೊಳಗಿನ ಮಾರಾಟಕ್ಕೆ ಹಾಕೋ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 2.5% ಬಡಿದ. ಕೋಡ್ 32 ಇದ್ದರೆ ಐಜಿಎಸ್‌ಟಿ ಅಂತ ಪಟ್ಟಿಯಲ್ಲಿತ್ತು, ಯಾರು ನೋಡ್ತಾರೆ? ಪೋರ್ಟಲ್ ವಾಪಸ್ ಎಸೀತು. ಲೋಡ್ ಆದ ಲಾರಿ ರಾತ್ರಿಯಿಡೀ ನಿಂತಿತು. ಡ್ರೈವರ್ ಭತ್ತೆ 700, ಮಾಲು ಇಳಿಸಿ ಏರಿಸಿದ ಹಮಾಲಿ 450. ಬಿಲ್ ಆರಿಸಿದ್ದು ಮಾಲೀಕರು, ದುಡ್ಡು ಕಡಿದದ್ದು ನನ್ನ ಪಗಾರದಲ್ಲಿ.

ಧಾರವಾಡ ಲೆಕ್ಕ: ದರದ ಗುಟ್ಟು ಯಾರೂ ಯೋಚಿಸಲಿಲ್ಲ ಅಲ್ವಾ? ಕೈಪಿಡಿಯಲ್ಲಿ ತಮ್ಮ ಬಿಲ್ ನೋಡಿ ಗಿರಾಕಿಯೊಬ್ಬರು ಮುನಿಸಿಕೊಂಡು 18,000ದ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ನಿಲ್ಲಿಸಿದರು. ಪಕ್ಕದ ಅಂಗಡಿಯವರೂ ನಮ್ಮ ಗಿರಾಕಿಗಳೇ! ಈಗ ಜಿಎಸ್‌ಟಿ ನಂಬರಿನ ಜಾಗದಲ್ಲಿ ಸಾಲಾಗಿ ಎಕ್ಸ್ ಹಾಕ್ತೀವಿ.

ಬ್ಯಾಡಗಿ ಬಿಲ್ಲು: ಎಕ್ಸ್ ನೋಡಿ ಏನು ಕಲೀತಾರೆ ಸರ್? 15 ಅಕ್ಷರದಲ್ಲಿ ಮೊದಲೆರಡು ರಾಜ್ಯದ ಕೋಡ್, ಆಮೇಲಿನ ಹತ್ತು ಪ್ಯಾನ್, ಕೊನೆಯದು ತಾಳೆ ನೋಡೋಕೆ. ನಿಮ್ಮ ಉದಾಹರಣೆ ಪರೀಕ್ಷೆಗೆ ಹಾಕಿದರೆ ಮೊದಲ ಸಾಲಲ್ಲೇ ಬೀಳುತ್ತೆ. ಸ್ಯಾಂಡ್‌ಬಾಕ್ಸ್‌ನ (ಪರೀಕ್ಷೆಗೆಂದೇ ಇರೋ ಪೋರ್ಟಲ್) ಟೆಸ್ಟ್ ನಂಬರ್ ಹಾಕೋಕೆ ಏನು ಕಷ್ಟ?

ಧಾರವಾಡ ಲೆಕ್ಕ: 18,000 ಹೋದದ್ದು ನಮ್ಮದು. ಸುಮ್ನೆ ಪಾಠ ಹೇಳಬೇಡಿ.

ಹಾವೇರಿ ಹುಡುಗಿ: ನನ್ನ ಕೈಪಿಡಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎರರ್ ತಿಂದ ಬಿಲ್ಲುಗಳೇ. ಸೊನ್ನೆಯಿಂದ ಶುರುವಾದ ಬಿಲ್ ನಂಬರ್, 16 ಅಕ್ಷರ ದಾಟಿದ ನಂಬರ್. ಆಮೇಲೆ ಎರರ್ 2150, ಡೂಪ್ಲಿಕೇಟ್ ಐಆರ್‌ಎನ್ (ಪ್ರತಿ ಇ-ಇನ್‌ವಾಯ್ಸಿಗೂ ಇರೋ ಗುರುತಿನ ನಂಬರ್). ಜಿಎಸ್‌ಟಿ ನಂಬರ್, ಆರ್ಥಿಕ ವರ್ಷ, ಬಿಲ್ಲಿನ ಬಗೆ, ಬಿಲ್ ನಂಬರ್ ಸೇರಿಯೇ ಆ 64 ಅಕ್ಷರ ಹುಟ್ಟೋದು, ಹಾಗಾಗಿ ನಂಬರ್ ಮತ್ತೆ ಬಂದರೆ ಸಿಕ್ಕಿಬೀಳ್ತೀರಿ. ರದ್ದು ಮಾಡೋಕೆ 24 ತಾಸು, ರದ್ದಾದ ನಂಬರ್ ಮತ್ತೆ ನಡೆಯಲ್ಲ. ನಮ್ಮ ಸೀನಿಯರ್ ಒಬ್ಬರು ‘ಕೈಪಿಡಿಯೋ ತಪ್ಪುಗಳ ಸಂತೆಯೋ’ ಅಂದರು. ಈಗ ಅವರ ಹುಡುಗರೂ ಅದನ್ನೇ ತೆರೆದು ಕೂರ್ತಾರೆ.

ಗದಗದವ: ತಪ್ಪು ಬಿಲ್ ತೋರಿಸಿದರೆ ಅದನ್ನೂ ಕಾಪಿ ಹೊಡೀತಾರೆ ಅಕ್ಕಾರ.

ಹಾವೇರಿ ಹುಡುಗಿ: ಪಕ್ಕದಲ್ಲೇ ಸರಿಯಾದದ್ದೂ ಇದೆ ರೀ. ಓದದೆ ಕಾಪಿ ಹೊಡೆಯೋರು ನಿಮ್ಮಲ್ಲೇ ಜಾಸ್ತಿ ಅನ್ಸುತ್ತೆ.

ಕೇಳಿದವರು: ಅಣ್ಣಾರ, ನಮ್ಮ ಗಿರಾಕಿಗಳು ಕಬ್ಬಿಣದ ಅಂಗಡಿಯವರು. ಮೆಣಸಿನಕಾಯಿ ಅಲ್ಲ.

ಧಾರವಾಡ ಲೆಕ್ಕ: ಅದಿರಲಿ. ಗದಗದವರೇ, ಒಂದು ಲಾರಿ ಮಾಲು ಇಳಿಸಿ ಏರಿಸೋಕೆ 450ಕ್ಕೆ ಯಾವ ಹಮಾಲರು ಬರ್ತಾರೆ?

ಗದಗದವ: ಅರ್ಧ ಲಾರಿ ಸರ್. ಚೀಟಿ ಇದೆ, ಬೇಕಾದರೆ ತೋರಿಸ್ತೀನಿ.